ಪದ ಪರಿಚಯ: ಎಚ್‌ಎಸ್‌ವಿ ಐಜಿಜಿ

ಒಂದೆರಡು ಸಲ ಗರ್ಭಪಾತ ಆದವರಿಗೆ ನಮ್ಮ ಕಡೆ ಬರೆದುಕೊಡುವ ಟೆಸ್ಟುಗಳಲ್ಲಿ ‘ಟಾರ್ಚ್’ ಅನ್ನುವುದೊಂದು ಇರುತ್ತದೆ. ಬ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಟಾಕ್ಸೊಪ್ಲಾಸ್ಮಾ, ರುಬೆಲ್ಲಾ, ಸಿಎಂವಿ (ಸೈಟೊಮೆಗಲೊವೈರಸ್) ಮುಂತಾದ ಸೋಂಕುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಪೋಣಿಸಿ ಮಾಡಿದ ಪದ. ಕೊನೆಯ ‘ಎಚ್’ ಅಂದರೆ ಹರ್ಪಿಸ್. ಅದರ ಎದುರು ‘ಐಜಿಜಿ ಪಾಸಿಟಿವ್’ ಎಂದು ಬಂದಿರುತ್ತದೆ. ಮನೆಯವರು ಮೊಬೈಲಿನಲ್ಲಿ ಹುಡುಕುತ್ತಾರೆ. ‘ಲೈಂಗಿಕ ರೋಗ’ ಅನ್ನುವ ಮಾತು ಕಣ್ಣಿಗೆ ಬೀಳುತ್ತದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಒಂದು ಸಾಲು ಏನು ಹೇಳುತ್ತದೆ, ಅದಕ್ಕಿಂತ ಮುಖ್ಯವಾಗಿ ಏನು ಹೇಳುವುದಿಲ್ಲ ಅನ್ನುವುದನ್ನು ಬಿಡಿಸಿ ನೋಡೋಣ.

ಮೊದಲು ಹೆಸರು. ಹರ್ಪಿಸ್ ಗ್ರೀಕ್ ಮೂಲದ ಪದ, ತೆವಳುವುದು ಎಂದು ಅರ್ಥ. ಚರ್ಮದ ಮೇಲೆ ಗುಳ್ಳೆಗಳು ಹರಿದಾಡಿದಂತೆ ಹಬ್ಬುವುದರಿಂದ ಈ ಹೆಸರು. ಸಂಸ್ಕೃತದ ‘ಸರ್ಪ’ವೂ ಅದೇ ಹಳೆಯ ಬೇರಿನಿಂದ ಬಂದದ್ದು. ಹಾಗಾಗಿ ನಮ್ಮವರು ಕರೆಯುವ ‘ಸರ್ಪಸುತ್ತು’ ಮತ್ತು ‘ಹರ್ಪಿಸ್’ ಹೆಸರಿನಲ್ಲಿ ದೂರದ ನೆಂಟರು. ಕಾಯಿಲೆಯಾಗಿ ಮಾತ್ರ ಎರಡೂ ಬೇರೆ. ಸರ್ಪಸುತ್ತು ಅಂದರೆ ಹರ್ಪಿಸ್ ಜೋಸ್ಟರ್, ಚಿಕನ್‌ಪಾಕ್ಸ್ ತರುವ ವೈರಸ್ಸಿನದೇ ಕೆಲಸ. ನಾವು ಮಾತಾಡುತ್ತಿರುವುದು ಹರ್ಪಿಸ್ ಸಿಂಪ್ಲೆಕ್ಸ್, ಎಚ್‌ಎಸ್‌ವಿ. ಇದರಲ್ಲಿ 1 ಮತ್ತು 2 ಎಂದು ಎರಡು ಬಗೆ.

ಜ್ವರ ಬಂದಾಗ ತುಟಿಯಂಚಿನಲ್ಲಿ ಗೊಂಚಲು ಗುಳ್ಳೆ ಏಳುತ್ತದಲ್ಲ, ಅದು ಬಹುಪಾಲು ಎಚ್‌ಎಸ್‌ವಿ-1. ಎಷ್ಟೋ ಜನಕ್ಕೆ ಇದು ಚಿಕ್ಕಂದಿನಲ್ಲೇ ಅಂಟಿರುತ್ತದೆ, ಮನೆಯವರು ಕೊಟ್ಟ ಮುತ್ತಿನಿಂದಲೇ ಅಂಟಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ 50 ವರ್ಷದೊಳಗಿನವರಲ್ಲಿ ಸುಮಾರು 380 ಕೋಟಿ ಜನರಲ್ಲಿ ಇದು ಇದೆ, ಅಂದರೆ ನೂರಕ್ಕೆ 64 ಮಂದಿ. ಎಚ್‌ಎಸ್‌ವಿ-2 ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಬರುವಂಥದ್ದು. 15ರಿಂದ 49 ವರ್ಷದ ಸುಮಾರು 52 ಕೋಟಿ ಜನರಲ್ಲಿ ಇದೆ. ಇವರಲ್ಲಿ ಬಹಳ ಮಂದಿಗೆ ಒಂದು ಗುಳ್ಳೆಯೂ ಎದ್ದಿರುವುದಿಲ್ಲ, ಅಥವಾ ಎದ್ದದ್ದು ಗೊತ್ತೇ ಆಗಿರುವುದಿಲ್ಲ. ವೈರಸ್ಸು ನರಗಳ ಗಂಟಿನಲ್ಲಿ ಸುಮ್ನೆ ಮಲಗಿರುತ್ತದೆ.

ಮಲಗಿರುವ ವೈರಸ್ಸನ್ನು ರಕ್ತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ಟೆಸ್ಟು ವೈರಸ್ಸನ್ನು ಹುಡುಕುವುದಿಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಕಳ್ಳ ಕಾಣುವುದಿಲ್ಲ, ಕಳ್ಳನಿಗೆಂದು ಇಟ್ಟ ಕಾವಲುಗಾರ ಕಾಣುತ್ತಾನೆ. ಐಜಿಜಿ ಆ ಕಾಯಂ ಕಾವಲುಗಾರ. ಸೋಂಕು ತಗುಲಿ ಕೆಲವು ವಾರಗಳಾದ ಮೇಲೆ ಬರುತ್ತಾನೆ, ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತಾನೆ. ಆದರೆ ಯಾವಾಗ ಕೆಲಸಕ್ಕೆ ಸೇರಿದೆ ಎಂದು ಕೇಳಿದರೆ ಅವನ ಬಳಿ ಉತ್ತರವಿಲ್ಲ. ಹೋದ ತಿಂಗಳೋ, ಮೂವತ್ತು ವರ್ಷದ ಹಿಂದೆಯೋ ಗೊತ್ತಾಗುವುದಿಲ್ಲ. ತುಟಿಯಲ್ಲೋ ಕೆಳಗೋ, ಯಾರಿಂದಲೋ, ಅದೂ ತಿಳಿಯುವುದಿಲ್ಲ. ಹಾಗಾಗಿ ಈ ರಿಪೋರ್ಟ್ ಹಿಡಿದು ಯಾರ ನಡತೆಯನ್ನೂ ಅಳೆಯಲು ಬರುವುದಿಲ್ಲ.

ಇನ್ನು ಐಜಿಎಂ. ಇದು ಇನ್ನೊಂದು ಬಗೆಯ ಪ್ರತಿಕಾಯ. ಬೇರೆ ಕೆಲವು ಸೋಂಕುಗಳಲ್ಲಿ ಐಜಿಎಂ ಬಂದರೆ ಹೊಸ ಸೋಂಕು ಎಂದು ಲೆಕ್ಕ. ಅದೇ ಲೆಕ್ಕವನ್ನು ಇಲ್ಲಿ ತಂದರೆ ಎಡವಟ್ಟಾಗುತ್ತದೆ. ಹಳೆಯ ಹರ್ಪಿಸ್ ಮತ್ತೆ ಕೆದರಿದಾಗಲೂ ಐಜಿಎಂ ಕಾಣಿಸಿಕೊಳ್ಳಬಹುದು. 1 ಯಾವುದು, 2 ಯಾವುದು ಎಂದೂ ಅದು ಬಿಡಿಸಿ ಹೇಳುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ 2021ರ ಮಾರ್ಗಸೂಚಿಯಲ್ಲಿ ಹರ್ಪಿಸ್‌ಗೆ ಐಜಿಎಂ ಟೆಸ್ಟ್ ಬೇಡ ಎಂದೇ ಹೇಳಿದೆ. ನಮ್ಮ ಟಾರ್ಚ್ ರಿಪೋರ್ಟುಗಳಲ್ಲಿ ಆ ಕಾಲಂ ಮಾತ್ರ ಇನ್ನೂ ಅಚ್ಚಾಗುತ್ತಲೇ ಇದೆ. ನನ್ನನ್ನು ಕೇಳಿದರೆ, ಈ ರಿಪೋರ್ಟಿನಲ್ಲಿ ಅತಿ ಹೆಚ್ಚು ಗಾಬರಿ ಹುಟ್ಟಿಸುವ, ಅತಿ ಕಡಿಮೆ ಉಪಯೋಗದ ಸಾಲು ಅದೇ.

ಐಜಿಜಿಯಲ್ಲೂ ಒಂದು ಒಳಸುಳಿ ಇದೆ. ಎರಡು ವೈರಸ್ಸುಗಳೂ ಅಣ್ಣತಮ್ಮಂದಿರಂತೆ. ಬಹುಪಾಲು ಪ್ರೊಟೀನುಗಳು ಒಂದೇ ಥರ. ಗ್ಲೈಕೊಪ್ರೊಟೀನ್ ಜಿ ಅನ್ನುವುದೊಂದು ಮಾತ್ರ ಚೆನ್ನಾಗಿ ಬೇರೆ ಇದೆ. ಅದನ್ನು ಹಿಡಿದು ಮಾಡಿದ ಟೆಸ್ಟ್ ಮಾತ್ರ 1 ಮತ್ತು 2ನ್ನು ನಂಬುವಂತೆ ಬೇರ್ಪಡಿಸುತ್ತದೆ. ‘ಎಚ್‌ಎಸ್‌ವಿ 1+2 ಐಜಿಜಿ’ ಎಂದು ಒಂದೇ ಸಾಲಿನಲ್ಲಿ ಬಂದಿದ್ದರೆ, ಅಲ್ಲಿ ಪಾಸಿಟಿವ್ ಆಗಲು ಚಿಕ್ಕಂದಿನ ತುಟಿಗುಳ್ಳೆಯೇ ಸಾಕು.

ಪಕ್ಕದಲ್ಲಿರುವ ಅಂಕಿಯನ್ನೂ ನೋಡಿ. ಹಲವು ಕಿಟ್‌ಗಳಲ್ಲಿ 0.9ಕ್ಕಿಂತ ಕೆಳಗೆ ನೆಗೆಟಿವ್, 1.1ಕ್ಕಿಂತ ಮೇಲೆ ಪಾಸಿಟಿವ್, ನಡುವಿನದು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಅಂಕಿ ಜಾಸ್ತಿ ಇದ್ದರೆ ಕಾಯಿಲೆ ಜೋರಾಗಿದೆ ಎಂದು ಅರ್ಥವಲ್ಲ. ಅದು ಟೆಸ್ಟಿನ ಮಾತನ್ನು ಎಷ್ಟು ನಂಬಬಹುದು ಎಂಬುದರ ಸುಳಿವು, ಅಷ್ಟೇ. ಎಚ್‌ಎಸ್‌ವಿ-2ರಲ್ಲಿ 3ಕ್ಕಿಂತ ಕಡಿಮೆ ಬಂದ ಪಾಸಿಟಿವ್‌ಗಳಲ್ಲಿ ಸುಳ್ಳು ಪಾಸಿಟಿವ್ ಬಹಳ. ಅದಕ್ಕೇ ಬೇರೆ ವಿಧಾನದ ಇನ್ನೊಂದು ಟೆಸ್ಟಿನಿಂದ ಖಚಿತ ಮಾಡಿಕೊಳ್ಳಿ ಎನ್ನುತ್ತಾರೆ. ಇದರಲ್ಲಿ ಹೆಸರಾಗಿರುವುದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೆಸ್ಟರ್ನ್ ಬ್ಲಾಟ್ ಎಂಬ ಟೆಸ್ಟ್.

ಸುಳ್ಳು ಪಾಸಿಟಿವ್ ಯಾಕಿಷ್ಟು? ಒಂದು ಕೈಲೆಕ್ಕ ಮಾಡೋಣ. ಸಾವಿರ ಜನರಲ್ಲಿ 50 ಮಂದಿಗೆ ಎಚ್‌ಎಸ್‌ವಿ-2 ಇದೆ ಎಂದುಕೊಳ್ಳಿ. ಟೆಸ್ಟು ನೂರಕ್ಕೆ 95 ಸಲ ಸರಿ ಹೇಳುತ್ತದೆ ಎಂದೂ ಇಟ್ಟುಕೊಳ್ಳಿ. ಇರುವ 50ರಲ್ಲಿ ಸುಮಾರು 47 ಮಂದಿ ಸಿಕ್ಕಿಬೀಳುತ್ತಾರೆ. ಇಲ್ಲದ 950ರಲ್ಲೂ ನೂರಕ್ಕೆ ಐದರಂತೆ ಸುಮಾರು 47 ಮಂದಿಗೆ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಕಾಗದ ಹಿಡಿದವರಲ್ಲಿ ಅರ್ಧ ಜನಕ್ಕೆ ಸೋಂಕೇ ಇಲ್ಲ! ಯಾವ ತೊಂದರೆಯೂ ಇಲ್ಲದವರಿಗೆ, ಗರ್ಭಿಣಿಯರಿಗೂ ಸೇರಿ, ಈ ಟೆಸ್ಟನ್ನು ವಾಡಿಕೆಯಾಗಿ ಮಾಡಬಾರದು ಎಂದು ಅಮೆರಿಕದ ತಜ್ಞ ಸಮಿತಿ 2016ರಲ್ಲಿ ಹೇಳಿ, 2023ರಲ್ಲಿ ಮತ್ತೆ ಹೇಳಿದ್ದಕ್ಕೆ ಇದೂ ಒಂದು ಕಾರಣ. ಪದೇ ಪದೇ ಆಗುವ ಗರ್ಭಪಾತಕ್ಕೆ ಟಾರ್ಚ್ ಮಾಡಿಸುವುದನ್ನು ಕೈಬಿಡಿ ಎಂದು ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜೂ ಹೇಳಿತ್ತು.

ನೆಗೆಟಿವ್ ಬಂದರೂ ಪೂರ್ತಿ ನಿಶ್ಚಿಂತೆಯಿಲ್ಲ. ತೀರಾ ಇತ್ತೀಚೆಗೆ ಸೋಂಕು ತಗುಲಿದ್ದರೆ ಕಾವಲುಗಾರ ಇನ್ನೂ ಬಂದಿರುವುದಿಲ್ಲ; ಅನುಮಾನ ಇದ್ದವರು 12 ವಾರ ಕಳೆದು ಮತ್ತೆ ಮಾಡಿಸಬೇಕಾಗುತ್ತದೆ. ಗುಳ್ಳೆ ಕಣ್ಣೆದುರೇ ಇದ್ದರೆ ರಕ್ತ ಕೊಟ್ಟು ಕೂರುವ ಬದಲು ಬೇಗ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಒಣಗುವ ಮುಂಚೆ ಗುಳ್ಳೆಯಿಂದಲೇ ಸ್ವಾಬ್ ತೆಗೆದು ಪಿಸಿಆರ್ ಮಾಡಿದರೆ ವೈರಸ್ಸೇ ಸಿಗುತ್ತದೆ, ಬಗೆಯೂ ಗೊತ್ತಾಗುತ್ತದೆ.

ಗರ್ಭಿಣಿಯರ ವಿಷಯದಲ್ಲಿ ನಿಜವಾದ ಅಪಾಯ ಇರುವುದು ಹೆರಿಗೆ ಹತ್ತಿರವಾದಾಗ ಮೊದಲ ಸಲ ಜನನಾಂಗದ ಸೋಂಕು ತಗುಲಿದರೆ. ಆಗ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 30ರಿಂದ 50. ಹಳೆಯ ಸೋಂಕು ಇದ್ದವರಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಮೊದಲು ಯಾವಾಗಲಾದರೂ ಜನನಾಂಗದಲ್ಲಿ ಗುಳ್ಳೆ ಎದ್ದಿದ್ದರೆ ಸಂಕೋಚಪಡದೆ ಡಾಕ್ಟರಿಗೆ ಹೇಳಬೇಕು, ಕೊನೆಯ ವಾರಗಳಲ್ಲಿ ಮಾತ್ರೆ ಕೊಡುತ್ತಾರೆ. ಹೆರಿಗೆ ನೋವಿನ ಹೊತ್ತಿಗೆ ಗುಳ್ಳೆ ಇದ್ದರೆ ಸಿಸೇರಿಯನ್ ಮಾಡುತ್ತಾರೆ. ಹಳೆಯ ಸೋಂಕಿನವರಿಗೆ ಅಪಾಯ ಅಷ್ಟು ಕಡಿಮೆ ಇರುವುದಕ್ಕೆ ಒಂದು ಕಾರಣ, ರಿಪೋರ್ಟಿನಲ್ಲಿ ಕಂಡು ಹೆದರಿಸಿದ ಆ ಐಜಿಜಿಯೇ. ಅದು ಹೊಕ್ಕುಳಬಳ್ಳಿಯ ದಾರಿಯಲ್ಲಿ ಮಗುವಿಗೂ ಹೋಗುತ್ತದೆ. ಹುಟ್ಟಿದ ಮಗುವಿನ ರಕ್ತದಲ್ಲಿ ಐಜಿಜಿ ಪಾಸಿಟಿವ್ ಬಂದರೆ ಅದು ಸಾಮಾನ್ಯವಾಗಿ ಮಗುವಿನದಲ್ಲ, ಅಮ್ಮನದು.