ಜಪಾನಿನಲ್ಲಿ ಬೈಕ್ ಕೊಳ್ಳುವವರು ಮೊದಲು ನೋಡಬೇಕಾದ್ದು ಸಿಸಿ

ನಮ್ಮ ಅಂಗಡಿಗೆ ಬರುವ ವಿದೇಶಿ ಗ್ರಾಹಕರಲ್ಲಿ ಹೆಚ್ಚಿನವರು ಮೊದಲು ಫೋನ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. "ಇದೇ ಬೇಕು, ಯಾವಾಗ ಸಿಗುತ್ತೆ?" ಅಂತ ಕೇಳುತ್ತಾರೆ. ಜಪಾನಿನಲ್ಲಿ ಅವರ ಬೈಕುಗಳ ರಿಜಿಸ್ಟ್ರೇಷನ್ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಫೋಟೋ ನೋಡುವುದಕ್ಕೂ ಮೊದಲು ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಎಷ್ಟು ಸಿಸಿ? ನಿಮ್ಮ ಹತ್ತಿರ ಇರುವ ಲೈಸೆನ್ಸ್ ಯಾವುದು?

ಇಲ್ಲಿ ಎಲ್ಲವನ್ನೂ ತೀರ್ಮಾನಿಸುವುದು ಸಿಸಿ. ಯಾವ ಕಚೇರಿಗೆ ಹೋಗಬೇಕು, ಪ್ಲೇಟಿನ ಬಣ್ಣ ಯಾವುದು, ಯಾವ ರಸ್ತೆಗೆ ಹೋಗಬಹುದು, ವರ್ಷಕ್ಕೆ ತೆರಿಗೆ ಎಷ್ಟು, ಎಲ್ಲವೂ ಅದರ ಮೇಲೇ ನಿಂತಿದೆ. 125ರವರೆಗಿನ ಬೈಕನ್ನು ನೀವು ವಾಸವಿರುವ ಊರಿನ ನಗರ ಕಚೇರಿಯಲ್ಲೇ ನೋಂದಾಯಿಸಬಹುದು. ಕಾಗದ ಸರಿಯಿದ್ದರೆ ಅದೇ ದಿನ ಪ್ಲೇಟ್ ಕೈಗೆ ಬರುತ್ತದೆ. 50ರವರೆಗೆ ಬಿಳಿ, 90ರವರೆಗೆ ಹಳದಿ, 125ರವರೆಗೆ ಗುಲಾಬಿ ಬಣ್ಣ. 2025ರ ಏಪ್ರಿಲ್‌ನಿಂದ, ಶಕ್ತಿಯನ್ನು 4 ಕಿಲೋವ್ಯಾಟ್‌ಗೆ ಇಳಿಸಿದ 125ರೊಳಗಿನ ಬೈಕುಗಳಿಗೂ ಬಿಳಿ ಪ್ಲೇಟ್ ಕೊಡುತ್ತಿದ್ದಾರೆ. ಆದರೆ 125ರವರೆಗಿನ ಯಾವ ಬೈಕೂ ಎಕ್ಸ್‌ಪ್ರೆಸ್‌ವೇ ಹತ್ತುವಂತಿಲ್ಲ.

126ರಿಂದ ಮೇಲೆ ಹೋದರೆ ಸಾರಿಗೆ ಕಚೇರಿ. ಜನ ಅದನ್ನು 'ರಿಕುಉನ್' ಅನ್ನುತ್ತಾರೆ. 250 ದಾಟಿದರೆ ಅದರ ಜೊತೆಗೆ 'ಶಾಕೆನ್' ಕೂಡ ಸೇರಿಕೊಳ್ಳುತ್ತದೆ. ಅದು ಕಡ್ಡಾಯ ತಪಾಸಣೆ. ಹೊಸ ಬೈಕಿಗೆ ಮೊದಲ ಸಲ 3 ವರ್ಷಕ್ಕೆ, ಆಮೇಲೆ ಪ್ರತಿ 2 ವರ್ಷಕ್ಕೆ ಮಾಡಿಸಬೇಕು. 126ರಿಂದ 250ರವರೆಗಿನ ಬೈಕಿಗೆ ಶಾಕೆನ್ ಇಲ್ಲ, ಎಕ್ಸ್‌ಪ್ರೆಸ್‌ವೇಗೂ ಹೋಗಬಹುದು. ಇಲ್ಲಿ 250ರ ಬೈಕುಗಳು ಇಷ್ಟೊಂದು ಓಡಾಡುವುದಕ್ಕೆ ಇದೇ ದೊಡ್ಡ ಕಾರಣ. ಎರಡು ಮೂರು ವರ್ಷಕ್ಕೆಂದು ಬಂದವರು 350, 400 ಅಂತ ಆಸೆಪಟ್ಟರೆ, ಒಮ್ಮೆ 250 ಓಡಿಸಿ ನೋಡಿ ಅನ್ನುತ್ತೇನೆ. ವ್ಯಾಪಾರ ಚಿಕ್ಕದಾದರೂ ಪರವಾಗಿಲ್ಲ.

ಇನ್ನು ಲೈಸೆನ್ಸ್. ಹೆಚ್ಚಿನ ಕಷ್ಟ ಇರುವುದು ಇಲ್ಲೇ. ಭಾರತದಿಂದ ತಂದ ಅಂತರರಾಷ್ಟ್ರೀಯ ಪರ್ಮಿಟ್ ಜಪಾನಿಗೆ ಬಂದಿಳಿದ ದಿನದಿಂದ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. "ರಜೆಗೆ ಊರಿಗೆ ಹೋಗಿ ಹೊಸ ಪರ್ಮಿಟ್ ಮಾಡಿಸಿಕೊಂಡು ಬಂದಿದ್ದೀನಿ, ಇನ್ನೊಂದು ವರ್ಷ ಸಿಕ್ತು ಅಲ್ವಾ?" ಅಂತ ಕೇಳುವವರು ತುಂಬಾ ಜನ. ಸಿಗುವುದಿಲ್ಲ. ಇಲ್ಲಿ ನಿವಾಸಿಯಾಗಿ ನೋಂದಾಯಿಸಿಕೊಂಡವರು 3 ತಿಂಗಳಿಗಿಂತ ಕಡಿಮೆ ಹೊರಗಿದ್ದು ವಾಪಸ್ ಬಂದರೆ ಆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ. ಅದು ಗೊತ್ತಿಲ್ಲದೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದಂತೆಯೇ.

ಹಾಗಾಗಿ ಉಳಿದುಕೊಳ್ಳುವವರು ಲೈಸೆನ್ಸ್ ಬದಲಾಯಿಸಿಕೊಳ್ಳಲೇಬೇಕು. ಇದಕ್ಕೆ 'ಗೈಮೆನ್ ಕಿರಿಕಾಯೆ' ಅನ್ನುತ್ತಾರೆ. ಕೆಲವು ದೇಶದವರಿಗೆ ಪರೀಕ್ಷೆಯಿಂದ ವಿನಾಯಿತಿ ಇದೆ, ಭಾರತದವರಿಗೆ ಇಲ್ಲ. 2025ರ ಅಕ್ಟೋಬರ್‌ನಿಂದ ನಿಯಮ ಬಿಗಿಯಾಗಿದೆ. ಮೊದಲು ಬರವಣಿಗೆಯ ಪರೀಕ್ಷೆಯಲ್ಲಿ 10 ಪ್ರಶ್ನೆ ಇದ್ದವು, 7 ಸರಿಯಾದರೆ ಪಾಸು. ಈಗ 50 ಪ್ರಶ್ನೆ, 45 ಸರಿಯಾಗಬೇಕು. ಇನ್ನೊಂದು ಷರತ್ತೂ ಇದೆ. ಲೈಸೆನ್ಸ್ ಸಿಕ್ಕ ಮೇಲೆ ಆ ದೇಶದಲ್ಲಿ ಒಟ್ಟು 3 ತಿಂಗಳಾದರೂ ಇದ್ದಿರಿ ಅಂತ ತೋರಿಸಬೇಕು. ಹಳೆಯ ಪಾಸ್‌ಪೋರ್ಟಿನ ಮುದ್ರೆಗಳು ಬೇಕಾಗುವುದು ಆಗಲೇ. ದಯವಿಟ್ಟು ಹಳೆಯದನ್ನು ಮನೆಯಲ್ಲೇ ಬಿಟ್ಟು ಬರಬೇಡಿ.

ಬೈಕಿನ ಓಡಿಸುವ ಪರೀಕ್ಷೆಯಲ್ಲಿ 'ಇಪ್ಪೊನ್‌ಬಾಶಿ' ಅಂತ ಒಂದು ಹಲಗೆ ಇದೆ. ಉದ್ದ 15 ಮೀಟರ್, ಅಗಲ 30 ಸೆಂಟಿಮೀಟರ್. 400 ಸಿಸಿವರೆಗಿನ ಲೈಸೆನ್ಸಿಗೆ ಅದರ ಮೇಲೆ 7 ಸೆಕೆಂಡ್‌ಗಿಂತ ನಿಧಾನವಾಗಿ, ಕೆಳಗೆ ಜಾರದೆ ದಾಟಬೇಕು. ಹತ್ತಾರು ವರ್ಷ ಬೈಕ್ ಓಡಿಸಿದವರೂ ಇಲ್ಲಿ ತಪ್ಪುತ್ತಾರೆ. ಜೋರಾಗಿ ಓಡಿಸಿ ಅಭ್ಯಾಸವಿರುತ್ತದೆ, ಇಷ್ಟು ನಿಧಾನ ಅಭ್ಯಾಸವಿರುವುದಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಒಂದೆರಡು ಗಂಟೆ ಅಭ್ಯಾಸ ಮಾಡಿ ಹೋಗಿ. ಅದು ವ್ಯರ್ಥ ಖರ್ಚಲ್ಲ. ಕೈಗೆ ಬಂದ ಲೈಸೆನ್ಸಿನಲ್ಲಿ ಆಟೋಮ್ಯಾಟಿಕ್ ಮಾತ್ರ ಅಂತ ಇದ್ದರೆ ಕ್ಲಚ್ ಇರುವ ಬೈಕ್ ಮುಟ್ಟುವಂತಿಲ್ಲ, ಇದನ್ನೂ ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ.

ಕಾಗದದ ವಿಷಯಕ್ಕೆ ಬಂದರೆ, ಮುಖ್ಯವಾದದ್ದು 'ಜೂಮಿನ್‌ಹ್ಯೋ', ಅಂದರೆ ನಿಮ್ಮ ವಿಳಾಸದ ದಾಖಲೆ. ನಮ್ಮ ಕಡೆಯವರಿಗೆ ಇಲ್ಲಿ ಹೆಸರಿನ ತೊಡಕು ಜಾಸ್ತಿ. ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ, ಅಪ್ಪನ ಹೆಸರು ಮುಂದೆ ಬಂದಿರುತ್ತದೆ. ಬ್ಯಾಂಕಿನಲ್ಲಿ ಒಂದು ರೀತಿ, ಫೋನ್ ಕಂಪನಿಯಲ್ಲಿ ಇನ್ನೊಂದು ರೀತಿ. ಬೈಕಿನ ಅರ್ಜಿಯಲ್ಲಿ ಜೂಮಿನ್‌ಹ್ಯೋದಲ್ಲಿ ಇರುವ ಹೆಸರೇ ಇರಬೇಕು, ಅದೇ ಕ್ರಮದಲ್ಲಿ, ಅದೇ ಅಕ್ಷರಗಳಲ್ಲಿ. ನಾನು ಮೊದಲು ಜೂಮಿನ್‌ಹ್ಯೋ ತರಿಸಿಕೊಂಡು, ಅದನ್ನು ಪಕ್ಕಕ್ಕಿಟ್ಟುಕೊಂಡೇ ಮಾರಾಟ ಪತ್ರ ಬರೆಯುತ್ತೇನೆ.

ಸೆಕೆಂಡ್ ಹ್ಯಾಂಡ್ ಬೈಕಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಬ್ಬ ಹುಡುಗ 110 ಸಿಸಿ ಬೈಕ್ ತಂದಿದ್ದ. ದೇಶ ಬಿಟ್ಟು ಹೋಗುವ ಪರಿಚಯದವರು ಕಡಿಮೆ ಬೆಲೆಗೆ ಕೊಟ್ಟಿದ್ದರು. ಕೊಟ್ಟದ್ದು ಬೈಕ್ ಮತ್ತು ಕೀಲಿ, ಅಷ್ಟೇ. ಪ್ಲೇಟ್ ಇನ್ನೂ ಅವರ ಹೆಸರಿನಲ್ಲೇ ಇತ್ತು, ಅವರು ವಿಮಾನ ಹತ್ತಿ ಆಗಿತ್ತು. ಕೊನೆಗೆ ಹಸ್ತಾಂತರ ಪತ್ರ ಬರೆದು, ಸಹಿಗೆ ಅವರ ದೇಶಕ್ಕೇ ಅಂಚೆಯಲ್ಲಿ ಕಳಿಸಿದೆವು. ವಾರಗಟ್ಟಲೆ ಬೈಕ್ ನಿಂತಲ್ಲೇ ನಿಂತಿತು. ಮಾರುವವರು ರಿಜಿಸ್ಟ್ರೇಷನ್ ರದ್ದು ಮಾಡಿಸಿದ್ದರೆ ಆ ಪ್ರಮಾಣಪತ್ರ ತೆಗೆದುಕೊಳ್ಳಿ. 'ಹಾಯ್‌ಶಾ ಶೋಮೇಯ್' ಅಂತ ಕೇಳಿದರೆ ಸಾಕು. ರದ್ದಾಗಿರದಿದ್ದರೆ ರಿಜಿಸ್ಟ್ರೇಷನ್ ಪತ್ರ ಮತ್ತು ಸಹಿಯಾದ ಹಸ್ತಾಂತರ ಪತ್ರ ಎರಡೂ ಬೇಕು. ಇವು ಕೈಗೆ ಬರುವ ತನಕ ಒಂದು ಯೆನ್ ಕೂಡ ಕೊಡಬೇಡಿ, ಮಾರುವವರು ಎಷ್ಟೇ ಒಳ್ಳೆಯವರಿರಲಿ.

ನಿಲ್ಲಿಸುವ ಜಾಗದ ಪ್ರಮಾಣಪತ್ರ ಬೈಕಿಗೆ ಬೇಡ, ಕಾರಿಗೆ ಮಾತ್ರ. ಆದರೆ ಜಾಗ ಬೇಡ ಅಂತಲ್ಲ. ಎಷ್ಟೋ ಅಪಾರ್ಟ್‌ಮೆಂಟುಗಳ ಸೈಕಲ್ ಸ್ಟ್ಯಾಂಡಿನಲ್ಲಿ ಬೈಕ್ ನಿಲ್ಲಿಸಲು ಬಿಡುವುದಿಲ್ಲ. ಮನೆ ಮಾಲೀಕರನ್ನು ಕೇಳಿ ಆಮೇಲೆ ಕೊಳ್ಳಿ.

ವಿಮೆ. 'ಜಿಬಾಯ್‌ಸೆಕಿ' ಎಲ್ಲ ಬೈಕಿಗೂ ಕಡ್ಡಾಯ. ಅದಿಲ್ಲದೆ ಓಡಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ಯೆನ್‌ವರೆಗೆ ದಂಡ, ಜೊತೆಗೆ ಲೈಸೆನ್ಸ್ ಅಮಾನತು. 125ರೊಳಗಿನ ಬೈಕಿಗೆ ನಗರ ಕಚೇರಿಯವರು ಅದನ್ನು ನೋಡದೆಯೇ ಪ್ಲೇಟ್ ಕೊಡುವುದರಿಂದ ಕೆಲವರು ಮರೆತೇಬಿಡುತ್ತಾರೆ. ಆದರೆ ನನಗೆ ಹೆಚ್ಚು ಚಿಂತೆಯಾಗುವುದು ಅಷ್ಟಕ್ಕೇ ನಿಲ್ಲಿಸಿದವರನ್ನು ಕಂಡಾಗ. ಜಿಬಾಯ್‌ಸೆಕಿ ಕೊಡುವುದು ನಿಮ್ಮಿಂದ ಬೇರೆಯವರಿಗೆ ಆದ ದೇಹದ ಹಾನಿಗೆ ಮಾತ್ರ. ಗಾಯಕ್ಕೆ 12 ಲಕ್ಷ ಯೆನ್, ಸಾವಿಗೆ 3 ಕೋಟಿ ಯೆನ್ ಮಿತಿ. ಎದುರಿನವರ ಕಾರು, ಅಂಗಡಿಯ ಗಾಜು, ನಿಮ್ಮದೇ ಮುರಿದ ಕಾಲು ಯಾವುದೂ ಅದರಲ್ಲಿ ಬರುವುದಿಲ್ಲ. ಐಚ್ಛಿಕ ವಿಮೆಯನ್ನೂ ತೆಗೆದುಕೊಳ್ಳಿ. ಬೇರೆಯವರ ದೇಹಕ್ಕೂ ಆಸ್ತಿಗೂ ಆಗುವ ಹಾನಿಗೆ 'ಮುಸೇಗೆನ್', ಅಂದರೆ ಮಿತಿಯಿಲ್ಲದ ರಕ್ಷಣೆ, ಇರಲಿ. ಹಣ ಸಾಲದಿದ್ದರೆ ಇನ್ನೂ ಹಳೆಯ ಬೈಕ್ ಕೊಳ್ಳಿ, ವಿಮೆಯಲ್ಲಿ ಉಳಿಸಬೇಡಿ.

ಕೊನೆಯದಾಗಿ ದೇಶ ಬಿಡುವಾಗ. ಬೈಕಿನ ತೆರಿಗೆ ಏಪ್ರಿಲ್ 1ರಂದು ಯಾರ ಹೆಸರಿನಲ್ಲಿದೆಯೋ ಅವರ ಮೇಲೆ ಬೀಳುತ್ತದೆ. 91ರಿಂದ 125ಕ್ಕೆ 2,400 ಯೆನ್, 250ರವರೆಗೆ 3,600, ಅದಕ್ಕೂ ಮೇಲೆ 6,000. ಏಪ್ರಿಲ್ 2ಕ್ಕೆ ಮಾರಿದರೂ ಇಡೀ ವರ್ಷದ್ದು ನಿಮ್ಮದೇ, ತಿಂಗಳ ಲೆಕ್ಕದಲ್ಲಿ ವಾಪಸ್ ಬರುವುದಿಲ್ಲ. ಮೊತ್ತ ಚಿಕ್ಕದು ನಿಜ. ಆದರೆ ಬೈಕನ್ನು ಸುಮ್ನೆ ಬಿಟ್ಟು ಹೋದರೆ ನೋಟಿಸು ಪ್ರತಿ ವರ್ಷ ಹಳೆಯ ವಿಳಾಸಕ್ಕೆ ಬರುತ್ತಲೇ ಇರುತ್ತದೆ, ಮುಂದೆ ಆ ಬೈಕಿಗೆ ಏನಾದರೂ ಆದರೆ ಮೊದಲು ಹುಡುಕುವುದು ನಿಮ್ಮನ್ನೇ. ಮಾರ್ಚ್ ಕೊನೆಯ ವಾರ ರಿಕುಉನ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶನಿವಾರ, ಭಾನುವಾರ ತೆರೆಯುವುದಿಲ್ಲ, ಸಂಜೆ 4ಕ್ಕೆ ಅರ್ಜಿ ತೆಗೆದುಕೊಳ್ಳುವುದನ್ನೂ ನಿಲ್ಲಿಸುತ್ತಾರೆ. ಮಾರ್ಚ್ ಮಧ್ಯದಲ್ಲೇ ಹೋಗಿ. ರದ್ದು ಮಾಡಿಸಲು ಪ್ಲೇಟ್ ಬಿಚ್ಚಿ ಒಪ್ಪಿಸಬೇಕು, ಒಂದು ಸ್ಕ್ರೂಡ್ರೈವರ್ ಜೊತೆಗೆ ತೆಗೆದುಕೊಂಡು ಹೋಗಿ.