ಬಾಡಿ ಲಿಫ್ಟ್ ಹಾಕಿಸಿದರೆ ಜೀಪಿನ ಹೊಟ್ಟೆ ಕಲ್ಲಿಗೆ ತಾಗೋದು ನಿಲ್ಲುತ್ತಾ?

ಪ್ರಶ್ನೆ: "ಸರ್, ನನ್ನದು 2016ರ ಥಾರ್. ಮಳೆಗಾಲದಲ್ಲಿ ತೋಟದ ರಸ್ತೆಯಲ್ಲಿ ಗಾಡಿಯ ಹೊಟ್ಟೆ ತಾಗುತ್ತದೆ. ಎರಡು ಇಂಚಿನ ಬಾಡಿ ಲಿಫ್ಟ್ ಹಾಕಬೇಕು ಅಂತ ಇದ್ದೇನೆ. ನಾನು ಮತ್ತು ನನ್ನ ತಮ್ಮ ಇಬ್ಬರೇ ಮನೆಯಲ್ಲಿ ಹಾಕಬಹುದಾ, ಅಥವಾ ಗೊತ್ತಿರುವವರ ಸಹಾಯ ಬೇಕಾ?"

ಮೇ ತಿಂಗಳು ಮುಗಿಯುತ್ತಾ ಬಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಗಾಡಿ ಮಾತ್ರ ಬೇರೆ ಬೇರೆ. ಒಬ್ಬರದು ಜಿಪ್ಸಿ, ಒಬ್ಬರದು ಬೊಲೆರೊ, ಇನ್ನೊಬ್ಬರದು ಅಪ್ಪನ ಕಾಲದ ಮೇಜರ್. ಈಗೀಗ ಜಿಮ್ನಿಯವರೂ ಕೇಳುತ್ತಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಈ ಸಲ ಪೂರ್ತಿ ಒಂದೇ ಕಡೆ ಬರೆದು ಇಡುತ್ತಿದ್ದೇನೆ. ಮುಂದಿನ ವರ್ಷ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ತೋರಿಸಿ.

ಸಹಾಯದ ವಿಷಯ ಮೊದಲು. ಬಾಡಿ ಲಿಫ್ಟ್, ಅಂದರೆ ಗಾಡಿಯ ಬಾಡಿಯನ್ನು ಮಾತ್ರ ಕೆಳಗಿನ ಚೌಕಟ್ಟಿನಿಂದ ಎತ್ತರಿಸುವ ಕೆಲಸ, ಮನೆಯಲ್ಲೇ ಮಾಡಬಹುದು. ಆದರೆ ಇಬ್ಬರು ಸಾಲದು, ಮೂವರು ಬೇಕು. ಆ ಮೂರನೆಯವರು ಹಿಂದೆ ಒಂದು ಸಲವಾದರೂ ಜೀಪಿನ ಬಾಡಿ ಎತ್ತಿದವರಾಗಿರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಪ್ರಶ್ನೆಯ ಒಳಗೇ ಕೂತಿರುವ ಒಂದು ತಪ್ಪನ್ನು ತೆಗೆಯಬೇಕು. ಇಲ್ಲದಿದ್ದರೆ ಮೂವರೂ ಭಾನುವಾರ ಪೂರ್ತಿ ಗಾಡಿ ಅಡಿಯಲ್ಲಿ ಮಲಗಿ ದುಡಿದ ಮೇಲೂ, ಸೋಮವಾರ ನಿಮ್ಮ ಗಾಡಿ ಅದೇ ಕಲ್ಲಿಗೆ ಅದೇ ಜಾಗದಲ್ಲಿ ತಾಗುತ್ತದೆ.

ಬಾಡಿ ಲಿಫ್ಟ್ ಹಾಕಿದರೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ಅತಿ ಕೆಳಗಿನ ಭಾಗಕ್ಕೂ ನೆಲಕ್ಕೂ ನಡುವಿನ ಅಂತರ, ಹೆಚ್ಚಾಗುವುದಿಲ್ಲ. ಒಂದು ಮಿಲಿಮೀಟರ್ ಕೂಡ ಹೆಚ್ಚಾಗುವುದಿಲ್ಲ.

ಎತ್ತಿನ ಗಾಡಿ ನೋಡಿದ್ದೀರಲ್ಲ? ಕೆಳಗೆ ಅಚ್ಚು, ಅಚ್ಚಿನ ಎರಡು ತುದಿಗೆ ಚಕ್ರ, ಅದರ ಮೇಲೆ ಹಲಗೆ. ಅಚ್ಚಿಗೂ ಹಲಗೆಗೂ ನಡುವೆ ಎರಡು ಇಂಚಿನ ಮರದ ತುಂಡು ಇಡಿ. ಹುಲ್ಲಿನ ಹೊರೆ ಎರಡು ಇಂಚು ಮೇಲೆ ಹೋಗುತ್ತದೆ, ಅಷ್ಟೇ. ಅಚ್ಚು ಇದ್ದಲ್ಲೇ ಇರುತ್ತದೆ. ಗದ್ದೆಯ ಬದುವಿಗೆ ತಾಗುತ್ತಿದ್ದದ್ದು ಅಚ್ಚು ತಾನೇ? ಅದು ನಾಳೆಯೂ ತಾಗುತ್ತದೆ.

ಜೀಪಿನಲ್ಲೂ ಹೀಗೇ. ಎಲ್ಲಕ್ಕಿಂತ ಕೆಳಗೆ ಚಕ್ರ ಮತ್ತು ಆಕ್ಸಲ್, ಅಂದರೆ ಅಚ್ಚು. ಅದರ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಚಾಸಿಸ್, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟು. ಎಂಜಿನ್ನು, ಗೇರ್ ಬಾಕ್ಸು, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಫೋರ್ ವೀಲ್‌ನ ಟ್ರಾನ್ಸ್‌ಫರ್ ಕೇಸು, ಇವೆಲ್ಲ ಚಾಸಿಸ್‌ಗೆ ಕೂತಿರುತ್ತವೆ. ಚಾಸಿಸ್ ಮೇಲೆ ದಪ್ಪ ರಬ್ಬರ್ ಮೌಂಟುಗಳು, ಆ ರಬ್ಬರಿನ ಮೇಲೆ ಬಾಡಿ. ಬಾಡಿ ಲಿಫ್ಟ್ ಅಂದರೆ ಚಾಸಿಸ್‌ಗೂ ಬಾಡಿಗೂ ನಡುವೆ ಒಂದೊಂದು ಮೌಂಟಿಗೆ ಒಂದೊಂದು ಗಟ್ಟಿ ಬಿಲ್ಲೆ ಇಟ್ಟು, ಹಳೇ ಬೋಲ್ಟಿನ ಜಾಗಕ್ಕೆ ಉದ್ದ ಬೋಲ್ಟು ಹಾಕುವುದು. ಬಿಲ್ಲೆಯಿಂದ ಮೇಲಿರುವುದು ಮಾತ್ರ ಏಳುತ್ತದೆ. ಕೆಳಗಿನದು ಯಾವುದೂ ಏಳುವುದಿಲ್ಲ.

ನಂಬಿಕೆ ಬರದಿದ್ದರೆ ಈಗಲೇ ಒಂದು ಟಾರ್ಚು, ಒಂದು ಟೇಪು ತಗೊಂಡು ಗಾಡಿಯ ಹಿಂದೆ ಗೋಣಿಚೀಲ ಹಾಸಿ ಮಲಗಿ. ಎರಡು ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಕಬ್ಬಿಣದ ಗುಂಡು ಕಾಣುತ್ತದೆ. ಅದು ಡಿಫರೆನ್ಷಿಯಲ್ ಹೌಸಿಂಗ್, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ. ಅದರ ತಳವನ್ನು ಬೆರಳಿಂದ ಸವರಿ ನೋಡಿ. ತೋಟದಲ್ಲಿ ಓಡಿದ ಗಾಡಿಯಾದರೆ ಪೇಂಟ್ ಹೋಗಿ ಕಲ್ಲಿನ ಗೀರು ಸಾಲಾಗಿ ಸಿಗುತ್ತದೆ. ನಿಮ್ಮ ಗಾಡಿಯ "ಹೊಟ್ಟೆ ತಾಗುತ್ತದೆ" ಅನ್ನುವುದು ಬಹುಪಾಲು ಇದೇ. ಅಲ್ಲಿಂದ ನೆಲಕ್ಕೆ ಅಳೆದು ಬರೆದಿಟ್ಟುಕೊಳ್ಳಿ. ಬಾಡಿಯ ಅಡಿಗೆ ಎರಡು ಇಂಚಿನದಲ್ಲ, ಎರಡು ಅಡಿಯ ಬಿಲ್ಲೆ ಇಟ್ಟರೂ ಆ ಅಳತೆ ಬದಲಾಗುವುದಿಲ್ಲ. ಬಂಪರ್ ಕೂಡ ಚಾಸಿಸ್‌ಗೇ ಕೂತಿರುವುದರಿಂದ ದಿಣ್ಣೆಗೆ ಮೂತಿ ಹೊಡೆಯುವುದೂ ತಪ್ಪುವುದಿಲ್ಲ. ಮೇಲೆ ಹೋಗುವುದು ಬಾಗಿಲ ಕೆಳಗಿನ ಅಂಚು, ಸೀಟು, ಮತ್ತು ಸೀಟಿನ ಮೇಲೆ ಕೂತವರ ತಲೆ.

ಹಾಗಾದರೆ ಇಷ್ಟು ಜನ "ಲಿಫ್ಟ್ ಹಾಕಿದ ಮೇಲೆ ತಾಗೋದು ನಿಂತಿತು" ಅಂತ ಯಾಕೆ ಹೇಳುತ್ತಾರೆ? ಅವರು ಸುಳ್ಳು ಹೇಳುತ್ತಿಲ್ಲ. ಲಿಫ್ಟ್ ಹಾಕಿದ ದಿನವೇ ದೊಡ್ಡ ಟೈರನ್ನೂ ಹಾಕಿರುತ್ತಾರೆ. ಕೆಲಸ ಮಾಡಿದ್ದು ಟೈರು, ಹೆಸರು ಬಂದದ್ದು ಲಿಫ್ಟಿಗೆ. ಟೈರು ದೊಡ್ಡದಾದರೆ ಚಕ್ರದ ನಡುಭಾಗವೇ ಮೇಲೆ ಬರುತ್ತದೆ, ಅದರ ಜೊತೆ ಆಕ್ಸಲ್ಲೂ ಏಳುತ್ತದೆ. ಲೆಕ್ಕ ಸುಲಭ. ನಿಮ್ಮ ಥಾರ್‌ಗೆ ಕಂಪನಿ ಕೊಟ್ಟದ್ದು 235/70 ಆರ್16. ಅಗಲ 235 ಮಿ.ಮೀ., ಅದರ 70 ಪರ್ಸೆಂಟ್ ಎತ್ತರ, ಅಂದರೆ 164.5. ಮೇಲೊಂದು ಕೆಳಗೊಂದು ಸೇರಿ 329. ನಡುವೆ 16 ಇಂಚಿನ ರಿಮ್ಮು, ಅದು 406.4. ಒಟ್ಟು 735.4 ಮಿ.ಮೀ. ಈಗ 245/75 ಆರ್16 ಹಾಕಿದರೆ ಇದೇ ಲೆಕ್ಕದಲ್ಲಿ 773.9 ಬರುತ್ತದೆ. ವ್ಯತ್ಯಾಸ 38.5. ಅದರಲ್ಲಿ ಅರ್ಧ ಮಾತ್ರ ಆಕ್ಸಲ್‌ನ ಕೆಳಗೆ ಸಿಗುತ್ತದೆ, ಇನ್ನರ್ಧ ಮೇಲಕ್ಕೆ ಹೋಗುತ್ತದೆ. ಅಂದರೆ ಸುಮಾರು 19 ಮಿ.ಮೀ. ಮುಕ್ಕಾಲು ಇಂಚು. ಇದೇ ನಿಮಗೆ ನಿಜವಾಗಿ ಸಿಗುವ ಲಾಭ.

ಬಾಡಿ ಲಿಫ್ಟಿನ ನಿಜವಾದ ಕೆಲಸವೂ ಇಲ್ಲೇ ಬರುತ್ತದೆ. ದೊಡ್ಡ ಟೈರು ಹೊಂಡದಲ್ಲಿ ಇಳಿದು ಎದ್ದಾಗ, ಸ್ಟೀರಿಂಗ್ ತಿರುಗಿಸಿದಾಗ, ಫೆಂಡರಿನ (ಚಕ್ರದ ಮೇಲಿನ ತಗಡಿನ) ಅಂಚಿಗೆ ಉಜ್ಜಬಹುದು. ಅದಕ್ಕೆ ಜಾಗ ಮಾಡಿಕೊಡುವುದು ಬಾಡಿ ಲಿಫ್ಟ್. ಟೈರಿಗೆ ಜಾಗ, ಅಷ್ಟೇ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಸ್ಪ್ರಿಂಗಿಗೆ ಕೈ ಹಾಕಿರುವುದಿಲ್ಲ, ಎಂಜಿನ್ನಿನ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಹಾಗೇ ಇರುತ್ತದೆ. ಎಂಜಿನ್ನಿನಂಥ ಭಾರದ ವಸ್ತುಗಳು ಕೆಳಗೇ ಇರುವುದರಿಂದ, ಸ್ಪ್ರಿಂಗಿನ ಕಡೆಯಿಂದಲೇ ಗಾಡಿ ಎತ್ತುವ, ಅಷ್ಟೇ ಎತ್ತರದ ಸಸ್ಪೆನ್ಷನ್ ಲಿಫ್ಟಿನಷ್ಟು ಗಾಡಿ ಓಲಾಡುವುದಿಲ್ಲ. ಟೈರು ಬದಲಾಯಿಸುವ ಯೋಚನೆ ಇಲ್ಲದಿದ್ದರೆ ಬಾಡಿ ಲಿಫ್ಟಿಗೆ ದುಡ್ಡು ಹಾಕಲೇಬೇಡಿ. ಟೈರು ಬದಲಾಯಿಸಿದ ಮೇಲೂ ಅದು ಎಲ್ಲೂ ಉಜ್ಜದಿದ್ದರೂ ಬೇಡ. ಮೊದಲು ಟೈರು, ಉಜ್ಜಿದರೆ ಮಾತ್ರ ಲಿಫ್ಟು. ಜನ ಇದನ್ನು ಉಲ್ಟಾ ಮಾಡುತ್ತಾರೆ.

"ಹಾಗಾದರೆ ಸಸ್ಪೆನ್ಷನ್ ಲಿಫ್ಟ್ ಹಾಕಿಸುತ್ತೇನೆ" ಅಂತ ಈಗ ಹೊರಡಬೇಡಿ. ಅದು ಚಾಸಿಸ್ಸನ್ನು ಎತ್ತುತ್ತದೆ, ಬಂಪರು, ಟ್ರಾನ್ಸ್‌ಫರ್ ಕೇಸು ಮೇಲೆ ಬರುತ್ತವೆ, ಅದು ನಿಜ. ಆದರೆ ನಿಮ್ಮ ಹಿಂದಿನ ಡಿಫರೆನ್ಷಿಯಲ್ ಇರುವುದು ಸ್ಪ್ರಿಂಗಿನ ಕೆಳಗಿನ ಗಟ್ಟಿ ಆಕ್ಸಲ್‌ನಲ್ಲಿ. ಅದು ಅಲ್ಲೇ ಉಳಿಯುತ್ತದೆ. ಅದನ್ನು ಎತ್ತುವುದು ಟೈರು ಮಾತ್ರ.

ಡಸ್ಟರ್, ಕ್ರೆಟಾದವರು ಕೇಳುವುದೂ ಉಂಟು. ಆ ಗಾಡಿಗಳಲ್ಲಿ ಬಾಡಿ ಬೇರೆ ಚಾಸಿಸ್ ಬೇರೆ ಅಂತ ಇಲ್ಲ, ಎಲ್ಲಾ ಒಂದೇ. ನಡುವೆ ಬಿಲ್ಲೆ ಇಡೋದಕ್ಕೆ ಜಾಗವೇ ಇಲ್ಲ.

ಇಷ್ಟಾದ ಮೇಲೂ ನಿಮಗೆ ಲಿಫ್ಟ್ ಬೇಕು ಅಂದರೆ, ಕಾನೂನಿನ ಮಾತು ಕೇಳಿಕೊಂಡು ಮುಂದೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಅಪಘಾತವಾದಾಗ ಇನ್ಶೂರೆನ್ಸ್‌ನವರು ಕೈ ಎತ್ತುವುದಕ್ಕೂ ಇದೊಂದು ಕಾರಣವಾಗಬಹುದು. ಟಾರ್ ರೋಡಿಗೆ ಇಳಿಯುವ ಗಾಡಿಯಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. "ಎಲ್ಲರೂ ಹಾಕಿಸುತ್ತಾರೆ" ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಈಗ ಆ ಮೂರನೆಯವರ ವಿಷಯ. ಬಾಡಿ ಎತ್ತುವಾಗ ಒಬ್ಬರು ಜಾಕಿ ಹಿಡಿಯಬೇಕು, ಒಬ್ಬರು ಬಿಲ್ಲೆ ಮತ್ತು ಬೋಲ್ಟು ನೋಡಬೇಕು. ಮೂರನೆಯವರು ಯಾವ ಕೆಲಸಕ್ಕೂ ಕೈ ಹಾಕದೆ ಬಾನೆಟ್ ತೆಗೆದು ಒಳಗೆ ನೋಡುತ್ತಾ ನಿಲ್ಲಬೇಕು. ಸುಮ್ನೆ ನಿಂತ ಹಾಗೆ ಕಾಣುತ್ತದೆ. ಆದರೆ ಅತಿ ಮುಖ್ಯ ಕೆಲಸ ಅವರದೇ. ಯಾಕೆಂದರೆ ಬಾಡಿಯಿಂದ ಚಾಸಿಸ್‌ಗೆ ಹೋಗುವ ಪ್ರತಿಯೊಂದು ವಸ್ತುವೂ ಆ ಹೊತ್ತಿಗೆ ಎಳೆದುಕೊಳ್ಳುತ್ತಿರುತ್ತದೆ. ಸ್ಟೀರಿಂಗ್ ಶಾಫ್ಟಿನ ಜಾಯಿಂಟು ಹಲ್ಲಿನಿಂದ ಹೊರಗೆ ಜಾರುತ್ತಿದೆಯಾ? ಬ್ರೇಕಿನ ಕಬ್ಬಿಣದ ಪೈಪು ಬಿಗಿಯಾಯಿತಾ? ಅರ್ತಿಂಗ್ ವೈರು, ಕ್ಲಚ್ ಕೇಬಲ್ಲು ಸಡಿಲ ಇದೆಯಾ? ರೇಡಿಯೇಟರ್ ಬಾಡಿಗೆ ಕೂತಿದ್ದರೆ ಅದರ ಸುತ್ತಿನ ಕವರ್ ಮೇಲೆ ಹೋಗಿ, ಕೆಳಗೇ ಉಳಿದ ಫ್ಯಾನಿಗೆ ತಾಗುತ್ತಿದೆಯಾ? "ನಿಲ್ಲಿಸಿ" ಅಂತ ಕೂಗುವವರು ಒಬ್ಬರು ಬೇಕು. ಮತ್ತು ಅವರು ಕೂಗಿದಾಗ ಜಾಕಿ ಹಿಡಿದವರು ಮಾತಿಲ್ಲದೆ ನಿಲ್ಲಿಸಬೇಕು.

ನನ್ನ ಗೆಳೆಯನ ಜಿಪ್ಸಿಯಲ್ಲಿ ಆದದ್ದು ಹೇಳುತ್ತೇನೆ. ಒಂದು ಗ್ಯಾರೇಜಿನಲ್ಲಿ ಎರಡು ಇಂಚು ಎತ್ತಿಸಿಕೊಂಡು ಬಂದ. ಎಲ್ಲಾ ಸರಿ ಇತ್ತು. ವಾರದ ಮೇಲೆ ಫುಲ್ ಟ್ಯಾಂಕ್ ಹಾಕಿಸಿದ, ಮೊದಲ ಏರು ಹತ್ತಿದ, ಗಾಡಿಯೊಳಗೆಲ್ಲ ಪೆಟ್ರೋಲ್ ವಾಸನೆ. ಇಳಿದು ಬಗ್ಗಿ ನೋಡಿದರೆ, ಬಾಡಿಯಲ್ಲಿರುವ ಪೆಟ್ರೋಲ್ ಬಾಯಿಗೂ ಚಾಸಿಸ್‌ನಲ್ಲಿರುವ ಟ್ಯಾಂಕಿಗೂ ನಡುವಿನ ರಬ್ಬರ್ ಪೈಪು ಎರಡು ಇಂಚು ಎಳೆದುಕೊಂಡು, ಕ್ಲಿಪ್ಪಿನಿಂದ ಜಾರಿ, ತುದಿಯಲ್ಲಿ ಉಗುರಿನಷ್ಟು ಮಾತ್ರ ಹಿಡಿದು ನಿಂತಿತ್ತು. ಸೈಲೆನ್ಸರ್ ಪೈಪು ಅಲ್ಲೇ ಹತ್ತಿರ. ಆ ಪೈಪನ್ನು ಯಾರೂ ನೋಡಿರಲೇ ಇಲ್ಲ. ಅವತ್ತಿನಿಂದ ನಾನು ಯಾರ ಗಾಡಿ ನೋಡಿದರೂ ಮೊದಲು ಕೈ ಹಾಕುವುದು ಆ ಪೈಪಿಗೆ.

ಕೆಲಸದ ಕ್ರಮ ಹೀಗಿದೆ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಎಲ್ಲಾ ಮೌಂಟುಗಳ ಬೋಲ್ಟು ಸಡಿಲ ಮಾಡಿ, ಆದರೆ ಬಿಚ್ಚುವುದು ಒಂದು ಕಡೆಯದು ಮಾತ್ರ. ಜಾಕಿಯ ತಲೆಯ ಮೇಲೆ ಉದ್ದ ಹಲಗೆ ಇಟ್ಟು, ಬಾಡಿಯ ಗಟ್ಟಿ ಭಾಗಕ್ಕೆ ಕೊಡಿ. ಬರೀ ತಗಡಿಗೆ ಕೊಟ್ಟರೆ ಅದು ಒಳಗೆ ಹೋಗುತ್ತದೆ. ನಿಧಾನ ಎತ್ತಿ. ಎತ್ತುತ್ತಾ ಹೋದ ಹಾಗೆ ಸಂದಿಗೆ ಮರದ ತುಂಡು ಕೊಡುತ್ತಾ ಬನ್ನಿ. ಬೆರಳು ಯಾವ ಕಾರಣಕ್ಕೂ ಆ ಸಂದಿಯೊಳಗೆ ಹೋಗಬಾರದು, ಬಿಲ್ಲೆಯನ್ನು ಕೋಲಿನಿಂದ ತಳ್ಳಿ. ಒಂದು ಕಡೆ ಮುಗಿದು ಬೋಲ್ಟು ಕೂತ ಮೇಲೆ ಇನ್ನೊಂದು ಕಡೆ. ಎಲ್ಲಾ ಕೂತ ಮೇಲೆ ಒಟ್ಟಿಗೆ ಬಿಗಿ ಮಾಡಿ. ಸುಮಾರು 500 ಕಿ.ಮೀ. ಓಡಿಸಿ ಮತ್ತೆ ಸ್ಪ್ಯಾನರ್ ಹಾಕಿ.

ಬಿಲ್ಲೆ ಗಟ್ಟಿ ನೈಲಾನ್ ಅಥವಾ ಅಲ್ಯೂಮಿನಿಯಂದು, ಒಂದೇ ತುಂಡಿನದಾಗಿರಲಿ. ಮರ ಬೇಡ, ಎರಡು ಬಿಲ್ಲೆ ಒಂದರ ಮೇಲೊಂದು ಬೇಡ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಅಂತ ಅಚ್ಚಾಗಿರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಏನೂ ಬರೆಯದ ಬೋಲ್ಟನ್ನು ಗೇಟಿಗೆ ಹಾಕಿ, ಜೀಪಿಗೆ ಬೇಡ. ಗಾಡಿ ಹೊರಗೆ ತರುವ ಮೊದಲು ಎಲ್ಲಾ ಗೇರು, ಫೋರ್ ವೀಲ್ ಲೋ ಸೇರಿಸಿ, ಹಾಕಿ ನೋಡಿ. ಗೇರ್ ಲಿವರ್ ಕೆಳಗೆ ಉಳಿದು ಫ್ಲೋರಿನ ತೂತು ಮೇಲೆ ಹೋಗಿರುತ್ತದೆ. ಲಿವರ್ ತೂತಿನ ಅಂಚಿಗೆ ತಾಗಿದರೆ ಗೇರು ಪೂರ್ತಿ ಕೂರುವುದಿಲ್ಲ, ಇಳಿಜಾರಿನಲ್ಲಿ ಹಾರಿಬಿಡುತ್ತದೆ.

ಇನ್ನು ನೀವು ಕೇಳದೇ ಇದ್ದದ್ದು. ಆದರೆ ನನಗೆ ಲಿಫ್ಟಿಗಿಂತ ಇದೇ ಜಾಸ್ತಿ ಚಿಂತೆ. ಮೌಂಟಿನ ಬೋಲ್ಟು ಬಿಚ್ಚಿದಾಗ ಫ್ಯಾಕ್ಟರಿ ಬಿಟ್ಟ ಮೇಲೆ ಯಾರೂ ನೋಡದ ಜಾಗ ಮೊದಲ ಸಲ ಕಾಣುತ್ತದೆ. ಮಲೆನಾಡಿನ ಗಾಡಿಯಲ್ಲಿ ಅಲ್ಲಿ ಸಿಗುವುದು ತುಕ್ಕು. ಬೋಲ್ಟು ಹಿಡಿದುಕೊಂಡಿರುತ್ತದೆ, ಜೋರು ಮಾಡಿದರೆ ಬಾಡಿಯೊಳಗೆ ಬೆಸುಗೆ ಹಾಕಿದ ನಟ್ಟೇ ಕಿತ್ತು ಬೋಲ್ಟಿನ ಜೊತೆ ತಿರುಗುತ್ತದೆ. ಆಮೇಲೆ ಫ್ಲೋರ್ ಕತ್ತರಿಸದೆ ದಾರಿ ಇಲ್ಲ. ಗೊತ್ತಿರುವ ಮೇಸ್ತ್ರಿ ಮೂರು ದಿನ ಮೊದಲೇ ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಸುತ್ತಾನೆ. ಗೊತ್ತಿಲ್ಲದವನು ಉದ್ದ ಪೈಪು ಹಾಕಿ ತಿರುಚುತ್ತಾನೆ. ಯಾರನ್ನು ಸಹಾಯಕ್ಕೆ ಕರೆಯಬೇಕು ಅಂತ ತಿಳಿಯುವುದಕ್ಕೆ "ಬೋಲ್ಟು ಬರದಿದ್ದರೆ ಏನು ಮಾಡ್ತೀರಾ?" ಅಂತ ಒಂದು ಪ್ರಶ್ನೆ ಕೇಳಿದರೆ ಸಾಕು.

ಈ ತುಕ್ಕು ಮಳೆಯೊಂದರಿಂದಲೇ ಬರುವುದಲ್ಲ. ತೋಟದ ಜೀಪು ಗೊಬ್ಬರದ ಮೂಟೆ ಹೊರುತ್ತದೆ. ಪೊಟ್ಯಾಷ್ ಅಂದರೆ ಒಂದು ಥರದ ಉಪ್ಪೇ. ಒಡೆದ ಚೀಲದಿಂದ ಉದುರಿದ್ದು ಫ್ಲೋರಿನ ಸಂದಿಯಲ್ಲಿ ಇಳಿದು ಮೌಂಟಿನ ಸುತ್ತ ಕೂರುತ್ತದೆ, ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕಬ್ಬಿಣ ತಿನ್ನುತ್ತದೆ. ಕೆಸರು ಚಾಸಿಸ್‌ನ ತೂತುಗಳ ಮೂಲಕ ಒಳಗೆ ಹೋಗಿ ಬೇಸಿಗೆಯವರೆಗೂ ಹಸಿಯಾಗೇ ಇರುತ್ತದೆ. ನಮ್ಮವರು ಗಾಡಿ ತೊಳೆಯುವುದು ಅಂದರೆ ಬಾನೆಟ್ ಮತ್ತು ಬಾಗಿಲು. ಚಾಸಿಸ್ ಒಳಗೆ ಯಾರೂ ಪೈಪು ಬಿಡುವುದಿಲ್ಲ. ಮಳೆ ನಿಂತ ಮೇಲೆ ಒಂದು ದಿನ ಆ ತೂತುಗಳಿಗೆ ನೀರು ಬಿಟ್ಟು, ಹೊರಬರುವ ನೀರು ತಿಳಿಯಾಗುವವರೆಗೂ ಹಿಡಿಯಿರಿ.

ನೀವು ಬಿಲ್ಲೆಗೆ ಆರ್ಡರ್ ಕೊಡುವ ಮೊದಲು ಒಂದು ಕೆಲಸ ಮಾಡಿ. ಸಣ್ಣ ಸುತ್ತಿಗೆ ತಗೊಂಡು ಹಿಂದಿನ ಎರಡು ಮೌಂಟುಗಳ ಹತ್ತಿರ ಚಾಸಿಸ್‌ಗೆ ಮೆಲ್ಲಗೆ ಬಡಿಯಿರಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಒಳಗೆ ತಿಂದದ್ದು ಡಬ್ ಅನ್ನುತ್ತದೆ, ಪದರ ಉದುರುತ್ತದೆ. ಡಬ್ ಅಂದರೆ ಲಿಫ್ಟು, ಟೈರು ಎರಡನ್ನೂ ಬಿಟ್ಟು ಮೊದಲು ವೆಲ್ಡಿಂಗ್‌ನವರ ಹತ್ತಿರ ಹೋಗಿ. ಠಣ್ ಅಂದರೆ ಎರಡು ಕಡೆಯ ಫೋಟೊ ಮತ್ತು ಡಿಫರೆನ್ಷಿಯಲ್‌ನಿಂದ ನೆಲದ ಅಳತೆ ಬರೆದು ಕಳಿಸಿ, ಯಾವ ಟೈರು ಅಂತ ಆಮೇಲೆ ಮಾತಾಡೋಣ.