ಹಸಿರು ದೀಪ ಆರುವ ಮುಂಚೆ

ರಸ್ತೆ ದಾಟುವವರಿಗೆ ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕು? ಇದಕ್ಕೊಂದು ಲೆಕ್ಕ ಇದೆ. ಜನ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ ಎಂದು ಹಲವು ದೇಶಗಳ ಎಂಜಿನಿಯರುಗಳು ಬಹುಕಾಲದಿಂದ ಹಿಡಿದುಕೊಂಡಿದ್ದಾರೆ. ಹಾಗಾದರೆ 12 ಮೀಟರ್ ಅಗಲದ ರಸ್ತೆಗೆ 10 ಸೆಕೆಂಡು ಸಾಕು. ಆದರೆ ವಯಸ್ಸಾದ ಎಷ್ಟೋ ಜನರ ನಡಿಗೆ ಸೆಕೆಂಡಿಗೆ 0.8 ಮೀಟರ್ ಆಸುಪಾಸು. ದೀಪ ಆರಿದಾಗ ಅವರಿಗೆ ಇನ್ನೂ 4 ಮೀಟರ್ ಬಾಕಿ ಇರುತ್ತದೆ.

ಆ 4 ಮೀಟರ್ ನನ್ನನ್ನು ತುಂಬಾ ಕಾಡುತ್ತದೆ. ನಡುರಸ್ತೆಯಲ್ಲಿ ಒಮ್ಮೆ ಹೆದರಿದವರು ಮರುದಿನ ಹೊರಗೆ ಕಾಲಿಡಲು ಹಿಂಜರಿಯುತ್ತಾರೆ. ವಯಸ್ಸಾದಂತೆ ಸ್ನಾಯುಗಳು ಹೇಗೂ ಸೊರಗುತ್ತವೆ. ಬಳಸದೆ ಬಿಟ್ಟರೆ ಇನ್ನೂ ಬೇಗ ಸೊರಗುತ್ತವೆ. ತೊಡೆಯ ಬಲ ಕುಗ್ಗಿದರೆ ನಡಿಗೆ ಮತ್ತಷ್ಟು ನಿಧಾನ, ಬೀಳುವ ಭಯ ಮತ್ತಷ್ಟು ಜಾಸ್ತಿ. "ಪಾಪ, ವಯಸ್ಸಾಯ್ತು, ಕೈಲಾಗಲ್ಲ" ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ. ಸಿಗ್ನಲ್ ಕಡೆ ಯಾರೂ ನೋಡುವುದಿಲ್ಲ, ಅಲ್ವಾ?

ಸಿಂಗಪುರ ನೋಡಿತು. ಅಲ್ಲಿ 2009ರಿಂದ ಕೆಲವು ಸಿಗ್ನಲ್ ಕಂಬಗಳಿಗೆ ಹಿರಿಯರು ತಮ್ಮ ಕಾರ್ಡ್ ತಾಗಿಸಿದರೆ ದಾಟಲು ಕೆಲವು ಸೆಕೆಂಡು ಹೆಚ್ಚು ಸಿಗುತ್ತದೆ.

ಇಂಥ ಬದಲಾವಣೆಗೆ ಎಲ್ಲ ದೇಶಗಳಿಗೂ ಒಂದೇ ಕಾಲಾವಕಾಶ ಸಿಗುವುದಿಲ್ಲ. ಜನಸಂಖ್ಯೆಯಲ್ಲಿ 65 ವರ್ಷ ದಾಟಿದವರ ಪಾಲು ಶೇ. 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಜಪಾನಿಗೆ ಸುಮಾರು 25 ವರ್ಷ ಅಷ್ಟೇ. ಆ ದೇಶ 2000ದಲ್ಲಿ ಹಿರಿಯರ ಆರೈಕೆಗೆಂದೇ ವಿಮೆ ತಂದಿತು. 40 ತುಂಬಿದವರೆಲ್ಲ ಅದಕ್ಕೆ ಹಣ ಕಟ್ಟುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗಿದ್ದು 2005ರಲ್ಲಿ ಶುರುವಾದ ಇನ್ನೊಂದು ಕೆಲಸ. ಮರೆವಿನ ಕಾಯಿಲೆ ಇರುವವರೊಡನೆ ಹೇಗೆ ನಡೆದುಕೊಳ್ಳಬೇಕೆಂದು ಸಾಮಾನ್ಯ ಜನರಿಗೆ ಸುಮಾರು ಒಂದೂವರೆ ಗಂಟೆ ಪಾಠ. ಬ್ಯಾಂಕಿನವರು, ಅಂಗಡಿಯವರು, ಶಾಲೆಯ ಮಕ್ಕಳು, ಹೀಗೆ ಒಂದು ಕೋಟಿಗೂ ಹೆಚ್ಚು ಜನ ಇದನ್ನು ಕಲಿತಿದ್ದಾರೆ. ಒಬ್ಬರು ಒಂದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದರೆ ಕೌಂಟರಿನಲ್ಲಿರುವವರು ರೇಗುವುದಿಲ್ಲ. ಗಡಿಬಿಡಿ ಮಾಡದೆ, ಎದುರಿಗೆ ನಿಂತು, ಮೆತ್ತಗೆ ಮಾತಾಡುತ್ತಾರೆ. ಕಾಯಿಲೆ ವಾಸಿಯಾಗದಿದ್ದರೂ ಆ ಮನುಷ್ಯ ನಾಳೆಯೂ ಧೈರ್ಯವಾಗಿ ಹೊರಗೆ ಬರಬಹುದು.

ದೊಡ್ಡ ಯೋಜನೆಗೆ ದುಡ್ಡಿಲ್ಲದ ಊರೂ ಒಂದು ಬೆಂಚು ಹಾಕಬಹುದು. 200 ಮೀಟರ್ ನಡೆದು ಸುಸ್ತಾಗುವವರು ಅಲ್ಲಿ ಕೂತು ಮತ್ತೆ 200 ಮೀಟರ್ ಹೋಗುತ್ತಾರೆ. ಆದರೆ ಬೆಂಚು ತೀರಾ ತಗ್ಗಾಗಿರಬಾರದು. ಪಕ್ಕದಲ್ಲಿ ಕೈಯೂರಲು ಹಿಡಿಯೂ ಬೇಕು. ಏಳುವಾಗ ತೊಡೆ ಹೊರಬೇಕಾದ ಭಾರದಲ್ಲಿ ಒಂದಿಷ್ಟನ್ನು ಆಗ ತೋಳು ಹೊರುತ್ತದೆ.